ಕನ್ನಡದಲ್ಲಿ ವಾದ ಕಟ್ಟಿಕೊಂಡು ಇಂಗ್ಲಿಷ್ ಸ್ಪರ್ಧೆಗೆ ಹೋದದ್ದು

ಶಾಲೆಗಳ ಇಂಗ್ಲಿಷ್ ಸ್ಪರ್ಧೆಗಳಲ್ಲಿ ಎರಡು ಜಾತಿ. ಮನೆಯಲ್ಲೇ ಸಿದ್ಧಮಾಡಿಕೊಂಡು ಬಂದು ಒಪ್ಪಿಸುವ ಕಂಠಪಾಠ, ಎಲೊಕ್ಯೂಷನ್ (ಹಾವಭಾವದೊಡನೆ ಒಪ್ಪಿಸುವ ಮಾತು), ಮೊದಲೇ ವಿಷಯ ತಿಳಿಸಿದ ಭಾಷಣ ಒಂದು ಜಾತಿ. ಅಲ್ಲೇ ನಿಂತು ಹುಟ್ಟಿಸಬೇಕಾದ ಆಶುಭಾಷಣ, ಜಾಮ್ (ಒಂದು ನಿಮಿಷದ ಮಾತು), ಟರ್ನ್‌ಕೋಟ್ (ನಡುವೆ ಪಕ್ಷ ಬದಲಿಸುವ ವಾದ), ಚರ್ಚೆ ಇನ್ನೊಂದು ಜಾತಿ. ಏಳನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಎಂಟಕ್ಕೆ ಇಂಗ್ಲಿಷ್ ಮಾಧ್ಯಮಕ್ಕೆ ಬಂದವಳು ನಾನು. ಬೆಂಗಳೂರಿನ ಬಸವನಗುಡಿ ಪಕ್ಕದ ಹನುಮಂತನಗರದ ಮನೆಯಿಂದ ಬಸ್ ಹಿಡಿದು ಜಯನಗರ, ಮಲ್ಲೇಶ್ವರ, ಇಂದಿರಾನಗರ ಎಂದು ಅಂತರ ಶಾಲಾ ಸ್ಪರ್ಧೆಗಳನ್ನು ಸುತ್ತಿದ ಮೇಲೆ ನನಗೆ ಒಂದು ವಿಷಯ ಖಚಿತವಾಯಿತು: ನನ್ನಂಥವರು ಎರಡನೆಯ ಜಾತಿಯ ಬೆನ್ನು ಹತ್ತಬೇಕು.

ಇದು ಹಲವರಿಗೆ ತಲೆಕೆಳಗಾದ ಸಲಹೆ ಅನ್ನಿಸುತ್ತದೆ. ಇಂಗ್ಲಿಷ್ ಅಷ್ಟಾಗಿ ಬಾರದವರು ಬಾಯಿಪಾಠ ಮಾಡಿಕೊಂಡು ಹೋಗುವುದು ಕ್ಷೇಮ ಎಂದೇ ಶಿಕ್ಷಕರು ಹೇಳುತ್ತಾರೆ. ಶಿಕ್ಷಣ ಇಲಾಖೆಯ ಪ್ರತಿಭಾ ಕಾರಂಜಿಯಲ್ಲಿ ಅದು ನಿಜವೂ ಹೌದು. ಅಲ್ಲಿ ಕ್ಲಸ್ಟರ್ ಮಟ್ಟದಲ್ಲಿ ಇಂಗ್ಲಿಷ್ ಕಂಠಪಾಠಕ್ಕೆ ನಿಂತಾಗ ನನ್ನ ಅಕ್ಕಪಕ್ಕದವರೆಲ್ಲ ನನ್ನಂಥ ಮನೆಗಳಿಂದಲೇ ಬಂದವರಾಗಿದ್ದರು. ದೊಡ್ಡ ಖಾಸಗಿ ಶಾಲೆಗಳ ಉತ್ಸವಗಳ ಲೆಕ್ಕವೇ ಬೇರೆ. ಅಲ್ಲಿ ಎಲೊಕ್ಯೂಷನ್‌ಗೆ ಬರುವ ಮಕ್ಕಳ ಹಿಂದೆ ಭಾಷಣ ಬರೆದುಕೊಟ್ಟ ತಾಯಿ, ಕೈ ಎಲ್ಲಿ ಎತ್ತಬೇಕೆಂದು ಕಲಿಸಿದ ತರಬೇತುದಾರ, ಹುಟ್ಟಿದಾಗಿನಿಂದ ಇಂಗ್ಲಿಷ್ ಕೇಳಿದ ಕಿವಿ ಇರುತ್ತವೆ. ಬಾಯಿಪಾಠದಲ್ಲಿ ಅವರನ್ನು ಹಿಂದಿಕ್ಕುವುದು ಕಷ್ಟ. ಆದರೆ ಆಶುಭಾಷಣದಲ್ಲಿ ಬಟ್ಟಲಿನಿಂದ ವಿಷಯದ ಚೀಟಿ ಎತ್ತಿದ ಮೇಲೆ ಅಮ್ಮ ಬರೆದುಕೊಟ್ಟ ಹಾಳೆ ಯಾರ ಕೆಲಸಕ್ಕೂ ಬರುವುದಿಲ್ಲ.

ಮೊದಲು ಉಚ್ಚಾರಣೆಯ ವಿಚಾರ ಮುಗಿಸಿಬಿಡುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ನಮ್ಮ ನಾಲಿಗೆಗೆ ಪದದ ಕೊನೆಯಲ್ಲಿ ಒಂದು ಸ್ವರ ಬೇಕು. ಎಕಾರಕ್ಕೆ ಮೊದಲು ಯಕಾರ, ಒಕಾರಕ್ಕೆ ಮೊದಲು ವಕಾರ ತಾನಾಗಿಯೇ ನುಸುಳುತ್ತದೆ. ಇವನ್ನು ತಿದ್ದಲು ನಾನು ಹೆಚ್ಚು ಹೊತ್ತು ಕಳೆಯಲಿಲ್ಲ. ತಲೆ ಕೆಡಿಸಿಕೊಂಡದ್ದು ಒತ್ತಿನ ಬಗ್ಗೆ. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಸಮಾನ ತೂಕ ಕೊಟ್ಟು ಮಾತನಾಡುತ್ತೇವೆ, ಇಂಗ್ಲಿಷಿನಲ್ಲಿ ಹಾಗೆ ನಡೆಯುವುದಿಲ್ಲ. ಫೋಟೋಗ್ರಾಫ್ ಎಂಬಲ್ಲಿ ಒತ್ತು ಮೊದಲ ಭಾಗಕ್ಕೆ, ಫೋಟೋಗ್ರಾಫರ್ ಎಂಬಲ್ಲಿ ಎರಡನೆಯದಕ್ಕೆ, ಫೋಟೋಗ್ರಾಫಿಕ್ ಎಂಬಲ್ಲಿ ಮೂರನೆಯದಕ್ಕೆ. ನಮ್ಮ ಇಂಗ್ಲಿಷ್ ಮೇಡಂ ಪತ್ರಿಕೆಯ ಒಂದು ಪ್ಯಾರಾ ಕೊಟ್ಟು, ಉದ್ದ ಪದಗಳಲ್ಲಿ ಒತ್ತು ಬೀಳುವ ಭಾಗಕ್ಕೆ ಮಾತ್ರ ಪೆನ್ಸಿಲ್ ಗೆರೆ ಎಳೆಸುತ್ತಿದ್ದರು. ಆಮೇಲೆ ಗೆರೆ ಬಂದ ಕಡೆಯಲ್ಲೆಲ್ಲ ಡೆಸ್ಕಿನ ಮೇಲೆ ಬೆರಳು ತಟ್ಟುತ್ತಾ ಓದಬೇಕು. ಒತ್ತು ಸರಿಯಾದರೆ ಹಿಂದಿನ ಸಾಲಿನಲ್ಲಿ ಕುಳಿತ ತೀರ್ಪುಗಾರರಿಗೂ ಮಾತು ಸ್ಪಷ್ಟವಾಗಿ ಮುಟ್ಟುತ್ತದೆ. ಉಳಿದ ಬಸವನಗುಡಿತನ ಹಾಗೇ ಉಳಿದರೂ ಯಾರಿಗೂ ತೊಂದರೆಯಿಲ್ಲ.

ಓದಿಗೆ ನಾನು ಆರಿಸಿಕೊಂಡದ್ದು ಒಂದು ಜೋಡಿ: ಪ್ರಜಾವಾಣಿ ಮತ್ತು ಡೆಕ್ಕನ್ ಹೆರಾಲ್ಡ್. ಎರಡೂ 1948ರಲ್ಲಿ ಒಂದೇ ಸಂಸ್ಥೆಯಿಂದ ಇದೇ ಊರಿನಲ್ಲಿ ಹುಟ್ಟಿದವು. ಕಸದ ಸಮಸ್ಯೆಯನ್ನೋ ಕೆರೆಯ ನೊರೆಯನ್ನೋ ಮೊದಲು ಕನ್ನಡದಲ್ಲಿ ಓದಿ ಅರ್ಥಮಾಡಿಕೊಳ್ಳುವುದು, ಆಮೇಲೆ ಅದೇ ಸುದ್ದಿಯನ್ನು ಇಂಗ್ಲಿಷಿನಲ್ಲಿ ಹುಡುಕುವುದು. ವಿಷಯ ಆಗಲೇ ತಲೆಯಲ್ಲಿ ಇರುವುದರಿಂದ ನಿಘಂಟಿಗೆ ಕೈ ಹಾಕುವ ಪ್ರಸಂಗವೇ ಕಡಿಮೆ. ರಜೆಯಲ್ಲಿ ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಗ್ರಂಥಾಲಯಕ್ಕೆ ಹೋದರೆ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂರಬಹುದಿತ್ತು.

ಜಾಮ್ ಎಂದರೆ ಒಂದು ನಿಮಿಷ ತಡವರಿಸದೆ, ಹೇಳಿದ್ದನ್ನೇ ಹೇಳದೆ, ವಿಷಯ ಬಿಟ್ಟು ಹೋಗದೆ ಮಾತನಾಡುವ ಆಟ. ಬಿಬಿಸಿ ರೇಡಿಯೊದಲ್ಲಿ 1967ರಿಂದ ನಡೆದುಬಂದ ‘ಜಸ್ಟ್ ಎ ಮಿನಿಟ್’ ಕಾರ್ಯಕ್ರಮ ಇದರ ಮೂಲ. ನಮ್ಮಲ್ಲಿ ಅದಕ್ಕೆ ವ್ಯಾಕರಣದ ತಪ್ಪು ಹಿಡಿಯುವ ಚಪಲವೂ ಸೇರಿಕೊಂಡಿದೆ. ನಾನು ಕಂಡುಕೊಂಡ ದಾರಿ ಎರಡು: ವಾಕ್ಯ ಚಿಕ್ಕದಾಗಿರಬೇಕು, ಕಣ್ಣಿಗೆ ಕಾಣುವ ಜಾಗವೊಂದನ್ನು ಹಿಡಿದುಕೊಳ್ಳಬೇಕು. ಒಮ್ಮೆ ‘ಕೊಡೆ’ ಎಂಬ ಚೀಟಿ ಬಂತು. ನಾನು ಕೆ.ಆರ್. ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಮೇ ತಿಂಗಳ ಮಳೆ ಸುರಿಸಿದೆ. ಸೇವಂತಿಗೆ ರಾಶಿಯ ಮೇಲೆ ಪ್ಲಾಸ್ಟಿಕ್ ಎಳೆಯುವವರು, ಅಂಗಡಿ ಮಾಡಿನ ಕೆಳಗೆ ನುಗ್ಗುವವರು, ಬುಟ್ಟಿಯನ್ನೇ ತಲೆಗೆ ಕವುಚಿಕೊಂಡವರು ಎಂದು ಒಬ್ಬೊಬ್ಬರನ್ನೇ ಹೇಳುತ್ತಾ ಹೋದರೆ ಪದ ಮರುಕಳಿಸುವುದೇ ಇಲ್ಲ. ಅದೇ ‘ಕೊಡೆ ಜೀವನದ ಸಂಕೇತ’ ಎಂದು ಆರಂಭಿಸಿದವರು ಇಪ್ಪತ್ತು ಸೆಕೆಂಡಿಗೆ ಸುಸ್ತಾಗುತ್ತಿದ್ದರು.

ಟರ್ನ್‌ಕೋಟ್‌ನಲ್ಲಿ ಪರವಾಗಿ ಮಾತನಾಡುತ್ತಿರುವಾಗಲೇ ಗಂಟೆ ಬಾರಿಸುತ್ತದೆ, ತಕ್ಷಣ ವಿರೋಧಕ್ಕೆ ತಿರುಗಬೇಕು. ಇದರ ಅಭ್ಯಾಸಕ್ಕೆ ನನಗೆ ಸಿಕ್ಕ ಸಹಾಯಕ ಆರು ವರ್ಷದ ತಮ್ಮ. ಸ್ಟೀಲ್ ತಟ್ಟೆ, ಚಮಚ ಕೊಟ್ಟು ಕೂರಿಸಿದರೆ ಮನಸ್ಸಿಗೆ ಬಂದಾಗ ಬಾರಿಸುತ್ತಿದ್ದ. ನಿಜವಾದ ತೀರ್ಪುಗಾರರ ಗಂಟೆಗಿಂತ ಅದು ಕ್ರೂರ. ಮೊದಮೊದಲು ಈ ಅಭ್ಯಾಸವನ್ನು ನಾನು ಮಾಡಿದ್ದು ಪೂರ್ತಿ ಕನ್ನಡದಲ್ಲಿ. ಶಾಲೆಯಲ್ಲಿ ಮೊಬೈಲ್ ಬೇಕೋ ಬೇಡವೋ ಎಂದು ಕನ್ನಡದಲ್ಲೇ ಎರಡೂ ಕಡೆ ಜಗಳವಾಡಿ, ಉಳಿದು ನಿಂತ ಅಂಶಗಳನ್ನಷ್ಟೇ ಇಂಗ್ಲಿಷಿಗೆ ತರುತ್ತಿದ್ದೆ.

ಚರ್ಚೆಯಲ್ಲೂ ಇದೇ ಕ್ರಮ. ಹಾಳೆಯನ್ನು ಉದ್ದಕ್ಕೆ ಮಡಚಿ ಎಡಕ್ಕೆ ಎದುರಾಳಿಯ ಮಾತು, ಬಲಕ್ಕೆ ನನ್ನ ಉತ್ತರ, ಎಲ್ಲವೂ ಕನ್ನಡದ ತುಂಡು ಪದಗಳಲ್ಲಿ. ನನ್ನ ಜೊತೆಗಾತಿಯ ಮನೆಮಾತು ತಮಿಳು, ಕನ್ನಡವನ್ನು ಅವಳು ಕೂಡಿಸಿಕೊಂಡು ಓದುವಷ್ಟರಲ್ಲಿ ಅವಳ ಸರದಿ ಬಂದುಬಿಡುತ್ತಿತ್ತು. ಹಾಗಾಗಿ ಬಾಣದ ಗುರುತು, ಅಡ್ಡಗೆರೆ, ಸುತ್ತು ಎಂದು ನಮ್ಮದೇ ಲಿಪಿಯೊಂದನ್ನು ಮಾಡಿಕೊಂಡೆವು.

ಒಂದು ಸಲ ಬಂದ ವಿಷಯ, ಬೆಂಗಳೂರಿನ ವಾಹನ ದಟ್ಟಣೆಗೆ ಮೇಲ್ಸೇತುವೆಗಳೇ ಪರಿಹಾರ ಎಂಬುದು. ನಮ್ಮದು ವಿರೋಧದ ಪಕ್ಷ. ಬಹುತೇಕ ತಂಡಗಳು ಸಿಂಗಪುರವನ್ನೂ, 2003ರಲ್ಲಿ ಲಂಡನ್ ತಂದ ದಟ್ಟಣೆ ಶುಲ್ಕವನ್ನೂ ಹೊತ್ತು ತಂದಿದ್ದವು. ನಾನು ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಯೋಜಿಸಿದ್ದ 6.7 ಕಿಲೋಮೀಟರ್ ಉಕ್ಕಿನ ಸೇತುವೆಯನ್ನು ಹಿಡಿದುಕೊಂಡೆ. ಕಡಿಯಬೇಕೆಂದಿದ್ದ 812 ಮರಗಳು, 2016ರ ಅಕ್ಟೋಬರ್‌ನಲ್ಲಿ ಜನ ಕಟ್ಟಿದ ಮಾನವ ಸರಪಳಿ, 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟದ್ದು, ಎಲ್ಲವೂ ಪತ್ರಿಕೆಯಲ್ಲಿ ದಿನವೂ ಓದಿದ್ದು. ವಿಮಾನ ನಿಲ್ದಾಣಕ್ಕೆ ಎಷ್ಟು ನಿಮಿಷ ಉಳಿಯುತ್ತದೆ ಗೊತ್ತೇ ಎಂದು ಎದುರಾಳಿ ನಿರರ್ಗಳವಾಗಿ ಕೇಳಿದ. ಸೇತುವೆ ಇಳಿಯುವ ಕಡೆ ಆ ನಿಮಿಷಗಳು ಏನಾಗುತ್ತವೆ ಎಂದು ಕೇಳಿದೆ. ಈಗಿರುವ ಹೆಬ್ಬಾಳದ ಮೇಲ್ಸೇತುವೆಯ ಬುಡದಲ್ಲಿ ಸಂಜೆ ಬಸ್ಸಿನೊಳಗೆ ನಿಂತವರಿಗೆ ಉತ್ತರ ಗೊತ್ತಿದೆ ಎಂದೆ. ಸಭಾಂಗಣ ನಕ್ಕಿತು, ಅವನೂ ನಕ್ಕ. ಆ ಸುತ್ತು ನಮ್ಮದಾಯಿತು.

ಸ್ಪರ್ಧೆ ಮುಗಿದ ಮೇಲೆ ಅಂಕಪಟ್ಟಿ ಕೇಳಿ ನೋಡುವುದನ್ನು ನಾನು ಬಿಡುತ್ತಿರಲಿಲ್ಲ. ಕೆಲವರು ತೋರಿಸುತ್ತಾರೆ, ಕೆಲವರು ಮುಖ ಗಂಟಿಕ್ಕುತ್ತಾರೆ. ವಿಶ್ವ ಶಾಲಾ ಚರ್ಚಾ ಪದ್ಧತಿಯಲ್ಲಿ ನೂರಕ್ಕೆ 40 ಅಂಕ ವಿಷಯಕ್ಕೆ, 40 ಶೈಲಿಗೆ, 20 ತಂತ್ರಕ್ಕೆ. ಅಂದರೆ 60 ಅಂಕಗಳನ್ನು ಮನೆಯಲ್ಲಿ ಯಾವ ಭಾಷೆಯಲ್ಲಿ ಯೋಚಿಸಿಕೊಂಡು ಬಂದರೂ ಗಳಿಸಬಹುದು. ಶೈಲಿಯ ಅಂಕಣದಲ್ಲಿ ನಾನು ಕೊನೆಯವರೆಗೂ ಹಿಂದೆಯೇ ಇದ್ದೆ, ಅದಕ್ಕಾಗಿ ನಿದ್ದೆಗೆಡಲಿಲ್ಲ.

ತಟ್ಟೆ ಬಾರಿಸುತ್ತಿದ್ದ ತಮ್ಮ ಈಗ ಹೈಸ್ಕೂಲಿನಲ್ಲಿದ್ದಾನೆ. ಇಷ್ಟೆಲ್ಲ ಕೇಳಿಸಿಕೊಂಡೂ ಎಲೊಕ್ಯೂಷನ್‌ಗೇ ಹೆಸರು ಕೊಟ್ಟಿದ್ದಾನೆ. ಅವನಿಗೆ ನಾಟಕದ ಹುಚ್ಚು, ಕನ್ನಡಿಯ ಮುಂದೆ ಅಳುವುದನ್ನೂ ಅಭ್ಯಾಸ ಮಾಡುತ್ತಾನೆ. ಅವನ ವಿಷಯದಲ್ಲಿ ನನ್ನ ಲೆಕ್ಕ ತಪ್ಪಬಹುದು.