ರಸ್ತೆಗೆ ಬೆನ್ನು ಹಾಕಿದ ಮನೆ: ವಿನೆಶೀಕ್ ಕೌಂಟಿಯಲ್ಲಿ ಹಳೆ ಮನೆ ನೋಡುವ ಬಗೆ

ಅಮೆರಿಕದ ಅಯೋವಾ ರಾಜ್ಯದ ಈಶಾನ್ಯ ಮೂಲೆಯ ವಿನೆಶೀಕ್ ಕೌಂಟಿಗೆ ಹಳೆ ಮನೆ ನೋಡಲು ಹೊರಟರೆ, ಮೊದಲು ಮನೆ ಯಾವ ಕಡೆ ಮುಖ ಮಾಡಿದೆ ಅಂತ ನೋಡಿ. ಇದು ನನಗೆ ಹೊಳೆಯಲು ಎರಡು ಬೇಸಿಗೆ ಬೇಕಾಯಿತು. ಅಲ್ಲಿಯ ಡೆಕೋರಾ ಊರಿನಿಂದ ಜಲ್ಲಿ ರಸ್ತೆ ಹಿಡಿದು ಹೋಗುವಾಗ ಒಂದು ಸುಣ್ಣಕಲ್ಲಿನ ಮನೆ ರಸ್ತೆಗೆ ಬೆನ್ನು ಹಾಕಿ ನಿಂತಿತ್ತು. ಮಾಲೀಕರನ್ನು ಕೇಳಿ ಒಳಗೆ ಹೋದೆ. ಮುಂಬಾಗಿಲು ಕೆಳಗಿನ ಚಿಲುಮೆಯ ಕಡೆಗಿತ್ತು. ಮನೆ ಕಟ್ಟಿದಾಗ ಆ ರಸ್ತೆಯೇ ಇರಲಿಲ್ಲ! ನೀರಿಗೆ ಮುಖ ಮಾಡಿದ ಮನೆ ಹೆಚ್ಚಾಗಿ ರಸ್ತೆಗಿಂತ ಹಳೆಯದು.

ಆಮೇಲೆ ನಕ್ಷೆ ಹರಡಿಕೊಳ್ಳಿ. 1785ರ ಕಾನೂನು ಇಲ್ಲಿಯ ನೆಲವನ್ನು ಚೌಕ ಮಾಡಿತು. 6 ಮೈಲಿ ಉದ್ದ, 6 ಮೈಲಿ ಅಗಲದ ಟೌನ್‌ಶಿಪ್, ಅದರಲ್ಲಿ 36 ಸೆಕ್ಷನ್, ಒಂದೊಂದೂ 640 ಎಕರೆ. ರಸ್ತೆಗಳು ಆದಷ್ಟು ಈ ಗೆರೆಗಳ ಮೇಲೇ ಓಡುತ್ತವೆ, ಗುಡ್ಡ ಅಡ್ಡ ಬಂದಾಗ ಮಾತ್ರ ಬಳುಕುತ್ತವೆ. ಆ ಬಳುಕಿನ ಹತ್ತಿರ ಹಳೆ ಮನೆ ಕಂಡೀತು ಅಂತ ನಾನು ಯಾವಾಗಲೂ ಕಾರು ನಿಧಾನ ಮಾಡುತ್ತೇನೆ.

ಇದು ಹೋ-ಚಂಕ್ ಎಂಬ ಮೂಲನಿವಾಸಿ ಜನರಿದ್ದ ನೆಲ. 1848ರಲ್ಲಿ ಅವರನ್ನು ಇಲ್ಲಿಂದ ಸಾಗಹಾಕಿದರು. ವಲಸಿಗರು ಬಂದದ್ದು ಅದರ ಬೆನ್ನಿಗೇ. ಇದನ್ನು ಬಿಟ್ಟು ಇಲ್ಲಿಯ ಮನೆಗಳ ಕಥೆ ಹೇಳಬಾರದು.

ಸೆಕ್ಷನ್, ಟೌನ್‌ಶಿಪ್, ರೇಂಜ್ (ಟೌನ್‌ಶಿಪ್ ಪೂರ್ವ-ಪಶ್ಚಿಮದಲ್ಲಿ ಎಷ್ಟನೆಯ ಸಾಲಿನದು ಎನ್ನುವ ಲೆಕ್ಕ) ನಂಬರ್ ಸಿಕ್ಕರೆ, ಅಮೆರಿಕ ಸರ್ಕಾರದ ಭೂ ನಿರ್ವಹಣಾ ಬ್ಯೂರೋದ ವೆಬ್‌ಸೈಟಿನಲ್ಲಿ ಆ ಜಾಗದ ಮೊದಲ ಹಕ್ಕುಪತ್ರವನ್ನು ದುಡ್ಡಿಲ್ಲದೆ ಹುಡುಕಬಹುದು. ಆದರೆ ಹಕ್ಕುಪತ್ರದ ವರ್ಷವನ್ನೇ ಮನೆಯ ವರ್ಷ ಅಂದುಕೊಳ್ಳಬೇಡಿ. ಮೊದಲು ಮರದ ದಿಮ್ಮಿಯ ಗುಡಿಸಲು, ನಾಲ್ಕು ಕಾಸು ಕೂಡಿದ ಮೇಲೆ ಒಳ್ಳೆಯ ಮನೆ. ಎಷ್ಟೋ ಸಲ ಆ ದಿಮ್ಮಿ ಮನೆ ಹಲಗೆ ಹೊದ್ದುಕೊಂಡು ಒಳಗೇ ಉಳಿದಿರುತ್ತದೆ. ಕಿಟಕಿಯ ಅಂಚಿಗೆ ಕೈಯಿಟ್ಟು ನೋಡಿ. ಗೋಡೆ ಲೆಕ್ಕಕ್ಕಿಂತ ಜಾಸ್ತಿ ದಪ್ಪ ಇದ್ದರೆ ಅನುಮಾನ ಪಡಿ. ನೆಲಮಾಳಿಗೆಯಲ್ಲಿ ಟಾರ್ಚ್ ಹಿಡಿದು ತೊಲೆ ನೋಡಿ. ಕೊಡಲಿಯ ಕೆತ್ತು ಇದ್ದರೆ ಹಳೆಯದಿರಬಹುದು. ಚಪ್ಪಟೆ ಮೈಯ ಕತ್ತರಿಸಿದ ಮೊಳೆ ಸಿಕ್ಕರೆ ಸುಮಾರು 1890ಕ್ಕೆ ಮುಂಚಿನದು ಎನ್ನಬಹುದು, ಆಮೇಲೆ ದುಂಡನೆ ತಂತಿ ಮೊಳೆ ಎಲ್ಲ ಕಡೆ ಬಂತು. ಹಳೆ ಮರವನ್ನು ಮತ್ತೆ ಬಳಸಿದ್ದೂ ಉಂಟು, ಹಾಗಾಗಿ ಒಂದೇ ಮೊಳೆ ನಂಬಿ ತೀರ್ಪು ಕೊಡಬೇಡಿ.

ಎರಡು ಮಹಡಿ ಎತ್ತರ, ಆದರೆ ಒಂದೇ ಕೋಣೆ ಆಳ ಇದ್ದರೆ ಅದು ಐ-ಹೌಸ್. ಇಂಡಿಯಾನಾ, ಇಲಿನಾಯ್, ಅಯೋವಾ ಮೂರೂ ಇಂಗ್ಲಿಷಿನ ಐ ಅಕ್ಷರದಿಂದ ಶುರುವಾಗುತ್ತವಲ್ವಾ, ಹೆಸರು ಬಂದದ್ದು ಅಲ್ಲಿಂದ. ಚೌಕಾಕಾರದ, ದೊಡ್ಡ ಜಗುಲಿಯ ಫೋರ್‌ಸ್ಕ್ವೇರ್ ಮನೆಗಳು 1900ರ ಆಚೀಚೆಯವು.

ಒಂದೇ ಮನೆಗೆ ನಿಲ್ಲಬೇಡಿ, ನೆರೆಯವರನ್ನೂ ನೋಡಿ. ಹಳೆ ಪ್ಲಾಟ್ ನಕ್ಷೆಯಲ್ಲಿ ಹೊಲದ ಒಡೆಯರ ಹೆಸರಿರುತ್ತದೆ. ಡೆಕೋರಾ ಸುತ್ತ ನಾರ್ವೆಯ ಹೆಸರು ಸಾಲುಸಾಲಾಗಿ ಬರುತ್ತವೆ, ಸ್ಪಿಲ್‌ವಿಲ್ ಹತ್ತಿರ ಚೆಕ್ ಹೆಸರು. ಅಲ್ಲಿಯ ಸೇಂಟ್ ವೆನ್ಸೆಸ್ಲಾಸ್ ಚರ್ಚಿನ ಸ್ಮಶಾನದಲ್ಲಿ ಒಂದು ಗಂಟೆ ಕಳೆಯಿರಿ. 1860 ಮತ್ತು 1870ರ ಕೃಷಿ ಗಣತಿಯನ್ನೂ ತೆಗೆದು ನೋಡಿ. ಯಾರ ಮನೆಯಲ್ಲಿ ಎಷ್ಟು ಪೌಂಡ್ ಬೆಣ್ಣೆ ಕಡೆದರು ಅಂತಲೂ ಬರೆದಿರುತ್ತದೆ. ಆ ಬೆಣ್ಣೆಯ ಲೆಕ್ಕ ಓದಿದ ಮೇಲೆ ಅಡುಗೆಮನೆ ಬೇರೆ ಥರ ಕಾಣುತ್ತದೆ.

ಮೇ ತಿಂಗಳಲ್ಲಿ ಹೋಗಿ. ಮನೆ ಬಿದ್ದುಹೋದರೂ ಹಿತ್ತಲಿನ ಲೈಲಾಕ್ ಗಿಡ ಬದುಕಿರುತ್ತದೆ. ಜೋಳದ ಹೊಲದ ನಡುವೆ ನೇರಳೆ ಹೂ ಕಂಡರೆ, ಸೆಕ್ಷನ್ ನಂಬರ್ ಬರೆದುಕೊಳ್ಳಿ.