ರಜೆ ಮೊಟಕುಗೊಳಿಸುವ ಮುನ್ನ ಮೂರು ದಿನದ ತಾಲೀಮು

ಹೆರಿಗೆ ರಜೆ ಮುಗಿಯುವ ಮೊದಲೇ ಕೆಲಸಕ್ಕೆ ಮರಳುವ ಯೋಚನೆಯಿದ್ದರೆ, ಕಚೇರಿಗೆ ಪತ್ರ ಬರೆಯುವ ಮುನ್ನ ಸತತ ಮೂರು ದಿನ, ಪ್ರಯಾಣದ ಸಮಯವನ್ನೂ ಸೇರಿಸಿ ಕಚೇರಿಯ ವೇಳೆಯಷ್ಟು ಹೊತ್ತು, ಮಗುವನ್ನು ಮುಂದೆ ನೋಡಿಕೊಳ್ಳಲಿರುವವರ ಬಳಿಯೇ ಬಿಟ್ಟು ಮನೆಯಿಂದ ಹೊರಗಿದ್ದು ನೋಡಿ. ಹಿಂಡಿಟ್ಟ ಹಾಲನ್ನು ಮಗು ಒಳಲೆಯಲ್ಲಿ ಕುಡಿಯುತ್ತದೆಯೇ, ಮಧ್ಯಾಹ್ನದ ಹೊತ್ತಿಗೆ ನಿಮ್ಮ ಎದೆ ಕಟ್ಟಿಕೊಂಡು ನೋಯುತ್ತದೆಯೇ ಎಂಬುದು ಮೊದಲ ದಿನ ತಿಳಿಯದಿದ್ದರೂ ಮೂರನೆಯ ದಿನಕ್ಕೆ ಸಾಕಷ್ಟು ಸ್ಪಷ್ಟವಾಗುತ್ತದೆ. ಬಾಣಂತನಕ್ಕೆಂದು ಬಂದು, ಆಮೇಲೆ ಊರಿಗೆ ಹೊರಡಲಿರುವ ಅಜ್ಜಿಯ ಬಳಿ ಬಿಟ್ಟು ಮಾಡಿದ ತಾಲೀಮಿನಿಂದ ಮಾತ್ರ ಏನೂ ಪ್ರಯೋಜನವಿಲ್ಲ. ಎರಡನೆಯ ಮಗುವಿನವರೆಗೆ ಕಾನೂನು ನೀಡುವ 26 ವಾರಗಳ ರಜೆ ಸಂಬಳಸಹಿತವಾದದ್ದು. ಆ ಅವಧಿಯಲ್ಲಿ ದುಡಿದ ದಿನಗಳಿಗೆ ಹೆರಿಗೆ ಸೌಲಭ್ಯದ ಹಕ್ಕು ಇರುವುದಿಲ್ಲವಾದ್ದರಿಂದ, ಹಣಕ್ಕಾಗಿ ಬೇಗ ಮರಳುವವರು ತಮ್ಮ ಲೆಕ್ಕವನ್ನು ಇನ್ನೊಮ್ಮೆ ನೋಡಬೇಕು.