ಅಡಿಕೆ ಕೊಳೆ: ಮೊದಲ ಸುತ್ತು ಮೇ ತಿಂಗಳಲ್ಲೇ ಮುಗಿಯಬೇಕು

2018ರ ಮಳೆಗಾಲದಲ್ಲಿ ಬೆಳಿಗ್ಗೆ ತೋಟಕ್ಕೆ ಇಳಿದರೆ ಕೇಳಿಸುತ್ತಿದ್ದದ್ದು ಒಂದೇ ಶಬ್ದ, ಕೊಳೆರೋಗ ಬಂದ ಹಸಿ ಅಡಿಕೆ ಟಪ್ ಟಪ್ ಅಂತ ಬೀಳೋದು. ತೀರ್ಥಹಳ್ಳಿ ಕಡೆ ನಮ್ಮದು ಎರಡು ಎಕರೆ, ಸುಮಾರು 1,100 ಮರ. ಆ ವರ್ಷ ಮುಂಗಾರು ಮೇ 29ಕ್ಕೇ ಕೇರಳಕ್ಕೆ ಬಂದಿತ್ತು. ನಾನು ಮಾತ್ರ ಮೃಗಶಿರಾ ಮಳೆ ಬರಲಿ, ಆಮೇಲೆ ಔಷಧಿ ಹೊಡೆಸೋಣ ಅಂತ ಕೂತಿದ್ದೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರೂ ಸಿಕ್ಕಿರಲಿಲ್ಲ. ಮಳೆ ಹಿಡಿದದ್ದು ಬಿಡಲೇ ಇಲ್ಲ. ಜೂನ್ ಮೂರನೇ ವಾರ ಒಂದು ದಿನ ಮಳೆ ಬಿಟ್ಟು ಹೊಳವಾದಾಗ ಹೊಡೆಸಿದೆವು, ಆದರೆ ಅಷ್ಟರಲ್ಲಿ ಕೊಳೆ ಕೊನೆಯೊಳಗೆ, ಅಂದರೆ ಅಡಿಕೆ ಗೊನೆಯೊಳಗೆ, ಸೇರಿಯಾಗಿತ್ತು.

ಅವತ್ತು ನಾಲ್ಕಾರು ಮರ ಹತ್ತಿ ಇಳಿದ ಕೊನೆಗಾರರು ಒಂದು ಮಾತು ಹೇಳಿದರು. "ಭಟ್ರೇ, ಈ ಮರಕ್ಕೆ ಬಿದ್ದಾಯ್ತು. ಈಗ ಹೊಡೆಯೋದು ಪಕ್ಕದ ಮರ ಉಳಿಸೋಕೆ ಅಷ್ಟೇ." ನನಗೆ ಆಗ ಬೇಜಾರಾಯಿತು, ಆದರೆ ಅವರು ಹೇಳಿದ್ದು ನೂರಕ್ಕೆ ನೂರು ಸರಿ.

ನಾವು ಹೊಡೆಸೋದು ಮೈಲುತುತ್ತ, ಸುಣ್ಣ ಕಲಸಿ ಮಾಡಿದ ಬೋರ್ಡೋ ದ್ರಾವಣ. ಅದು ಕಾಯಿಲೆ ವಾಸಿ ಮಾಡೋ ಔಷಧಿ ಅಲ್ಲ. ಕಾಯಿ ಮೇಲೆ ತಾಮ್ರದ ಒಂದು ತೆಳು ಪದರ ಕೂರಿಸಿ ರೋಗ ಒಳಗೆ ಹೋಗದ ಹಾಗೆ ತಡೆಯುತ್ತದೆ, ಅಷ್ಟೇ ಅದರ ಕೆಲಸ. ಕೊಳೆ ತರುವ ಫೈಟಾಫ್ತೊರಾವನ್ನು ನಾವೆಲ್ಲ ಶಿಲೀಂಧ್ರ ಅಂತಲೇ ಕರೆಯುತ್ತೇವೆ. ನಿಜ ಹೇಳಬೇಕಂದರೆ ಅದು ಬೇರೆಯೇ ಗುಂಪಿನದು, ನೀರಿನ ತೆಳು ಪಸೆ ಸಿಕ್ಕಿದರೆ ಅದರ ಬೀಜಾಣು ಈಜಿಕೊಂಡೇ ಹೋಗುತ್ತದೆ. ಮಳೆ ಹನಿ ಸಿಡಿದಾಗ ಒಂದು ಕಾಯಿಂದ ಇನ್ನೊಂದಕ್ಕೆ ಹಾರುತ್ತದೆ. ಮಳೆ ಹಿಡಿದ ಮೇಲೆ ಅದಕ್ಕೆ ಹಬ್ಬ. ಹಾಗಾಗಿ ಪದರ ಮೊದಲೇ ಅಲ್ಲಿ ಒಣಗಿ ಕೂತಿರಬೇಕು.

ಈಗ ನನ್ನ ಲೆಕ್ಕ ಹೀಗೆ. ಮೇ 20ರ ಆಸುಪಾಸು ಮೊದಲ ಸುತ್ತು ಶುರು, ರೋಹಿಣಿ ಮಳೆ ಬರೋದರೊಳಗೆ ಮುಗಿಸಬೇಕು. ಕೊನೆಗಾರರಿಗೆ ಯುಗಾದಿ ಹೊತ್ತಿಗೇ ದಿನ ಹೇಳಿ ಸ್ವಲ್ಪ ಮುಂಗಡ ಕೊಟ್ಟಿಡುತ್ತೇನೆ, ಯಾಕೆಂದರೆ ಮೋಡ ಕಟ್ಟಿದ ಮೇಲೆ ಅವರನ್ನು ಹತ್ತು ಮನೆಯವರು ಒಟ್ಟಿಗೆ ಕರೆಯುತ್ತಾರೆ, ಅವರಾದರೂ ಏನು ಮಾಡಬೇಕು ಹೇಳಿ. ಎರಡನೇ ಸುತ್ತಿಗೆ ಮೊದಲ ಸುತ್ತು ಮುಗಿದ ದಿನದಿಂದ 40ರಿಂದ 45 ದಿನ ಎಣಿಸುತ್ತೇನೆ. ಕೊಳೆ ಕಾಣಿಸಲಿ, ಕಾಣಿಸದೇ ಇರಲಿ. "ತೋಟ ಚೆನ್ನಾಗಿದೆಯಲ್ಲ, ಸುಮ್ನೆ ಯಾಕೆ ಖರ್ಚು" ಅಂತ ಮನೆಯಲ್ಲಿ ಪ್ರತಿ ವರ್ಷ ಮಾತು ಬರುತ್ತದೆ. ಕಾಯಿ ದಪ್ಪ ಆಗ್ತಾ ಆಗ್ತಾ ಹಳೇ ಪದರ ಹಿಗ್ಗಿ ಸಂದು ಬಿಡುತ್ತದೆ, ಮಳೆಯೂ ಒಂದಿಷ್ಟು ತೊಳೆದಿರುತ್ತದೆ. ಜುಲೈ ಮಳೆ ಗೊತ್ತಲ್ವಾ? ಆಗಸ್ಟಿನ ಆಶ್ಲೇಷ ಮಳೆ ಕಳೆದ ಮೇಲೂ ಮಳೆ ಬಿಡದಿದ್ದರೆ ಮೂರನೇ ಸುತ್ತು ಬೇಕೇ ಬೇಕು.

ದ್ರಾವಣ ಮಾಡೋದು ನಾನೇ. ಅದನ್ನು ಯಾರ ಕೈಗೂ ಬಿಡುವುದಿಲ್ಲ. 100 ಲೀಟರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಮೈಲುತುತ್ತವನ್ನು ಗೋಣಿ ಬಟ್ಟೆಯಲ್ಲಿ ಕಟ್ಟಿ 50 ಲೀಟರ್ ನೀರಿನ ಡ್ರಮ್ಮಿನಲ್ಲಿ ರಾತ್ರಿಯೇ ಇಳಿಬಿಟ್ಟರೆ ಬೆಳಿಗ್ಗೆಗೆ ಪೂರ್ತಿ ಕರಗಿರುತ್ತದೆ. ಪ್ಲಾಸ್ಟಿಕ್ ಡ್ರಮ್ಮೇ ಬೇಕು, ಕಬ್ಬಿಣದ್ದಾದರೆ ತಾಮ್ರವೆಲ್ಲ ಅದಕ್ಕೇ ಹತ್ತುತ್ತದೆ. ಸುಣ್ಣ ಸುಟ್ಟ ಸುಣ್ಣವೇ ಆಗಬೇಕು, ನೀರು ಹಾಕಿದ ಕೂಡಲೇ ಬುಸಬುಸ ಕುದಿಯಬೇಕು. ಚೀಲದಲ್ಲಿ ಗಾಳಿ ಹೊಡೆದು ಪುಡಿಯಾದ ಹಳೇ ಸುಣ್ಣಕ್ಕೆ ಕಸುವೇ ಇರುವುದಿಲ್ಲ. ಕುದಿ ನಿಂತು ತಣ್ಣಗಾದ ಮೇಲೆ ಸೋಸಿ ಇನ್ನೊಂದು 50 ಲೀಟರ್ ಮಾಡಿಕೊಂಡು, ಆ ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಸಣ್ಣಗೆ ಸುರಿಯುತ್ತಾ ಕೋಲಿನಲ್ಲಿ ತಿರುಗಿಸುತ್ತಲೇ ಇರಬೇಕು. ಉಲ್ಟಾ ಸುರಿದರೆ ಹಾಲು ಒಡೆದ ಹಾಗೆ ಗಸಿ ಗಸಿ ಆಗಿ ನಾಜಲ್ ಕಟ್ಟುತ್ತದೆ. ಸರಿಯಾಗಿ ಬಂದ ದ್ರಾವಣದ ಬಣ್ಣ ನೋಡೋಕೆ ಚೆಂದ, ಹೊಳವಾದ ದಿನದ ಆಕಾಶದ ನೀಲಿ.

ಆಮೇಲೆ ಕತ್ತಿ ಪರೀಕ್ಷೆ. ಚೆನ್ನಾಗಿ ಉಜ್ಜಿದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯುತ್ತೇನೆ. ಅಲಗಿನ ಮೇಲೆ ಕೆಂಪು ಹತ್ತಿದ್ದರೆ ಸುಣ್ಣ ಸಾಲದು ಅಂತ ಅರ್ಥ. ಹಾಗೇ ಹೊಡೆದರೆ ಎಳೆ ಕಾಯಿ ಸುಟ್ಟುಹೋಗುತ್ತದೆ. ಸ್ವಲ್ಪ ಸ್ವಲ್ಪ ಸುಣ್ಣದ ನೀರು ಸೇರಿಸಿ, ಕತ್ತಿ ಬೆಳ್ಳಗೆ ಬರುವವರೆಗೂ ನೋಡುತ್ತೇನೆ. ಅವತ್ತು ಕಲಸಿದ್ದು ಅವತ್ತೇ ಮುಗಿಯಬೇಕು. ಒಮ್ಮೆ ಸಂಜೆ ಉಳಿದ ಅರ್ಧ ಡ್ರಮ್ಮನ್ನು ಮಾರನೇ ದಿನ ಹೊಡೆಸಿದೆ, ಆ ಸಾಲಿನ ಮರಗಳಲ್ಲಿ ಕಾಯಿ ಮೇಲೆ ಔಷಧಿ ಅಂಟಲೇ ಇಲ್ಲ.

ಹೊಡೆಯುವಾಗ ಕೊನೆಯ ಮೇಲ್ಮೈ ನೀಲಿಯಾದರೆ ಸಾಲದು. ಕೊಳೆ ಶುರುವಾಗೋದು ತೊಟ್ಟಿನ ಹತ್ತಿರ, ನೀರಿನಲ್ಲಿ ನೆನೆದ ಹಾಗೆ ಕಡು ಹಸಿರು ಕಲೆ. ಹಾಗಾಗಿ ನಾಜಲ್ ಕೊನೆಯ ಒಳಗೆ ತೂರಿ ಸುತ್ತಲೂ ತಿರುಗಬೇಕು. ಕೆಳಗೆ ನಿಂತು ನೋಡಿದರೆ ನನಗೆ ಗೊತ್ತಾಗುವುದಿಲ್ಲ, ಅದಕ್ಕೆ ಪ್ರತಿ ಸಾಲಿಗೆ ಒಂದು ಕಾಯಿ ಕಿತ್ತು ಹಾಕಿ ಅಂತ ಕೇಳಿಕೊಳ್ಳುತ್ತೇನೆ. ತೊಟ್ಟಿನ ಸಂದಿಯಲ್ಲಿ ನೀಲಿ ಇದ್ದರೆ ಸಮಾಧಾನ. ಹೊಡೆದ ಮೇಲೆ ಎರಡು ಮೂರು ಗಂಟೆಯಾದರೂ ಒಣ ಹವೆ ಸಿಗಬೇಕು.

ಬಿದ್ದ ಕಾಯಿ ಬಗ್ಗೆ ಜಾಸ್ತಿ ಜನ ತಲೆ ಕೆಡಿಸಿಕೊಳ್ಳುವುದಿಲ್ಲ. ಎರಡು ದಿನ ನೆಲದಲ್ಲಿ ಬಿಟ್ಟರೆ ಅದರ ಮೇಲೆ ಹತ್ತಿಯಂಥ ಬಿಳಿ ಬೂಷ್ಟು ಬರುತ್ತದೆ, ಅದೇ ಮುಂದಿನ ಬೀಜ. ನಾವು ದಿನ ಬಿಟ್ಟು ದಿನ ಬುಟ್ಟಿ ಹಿಡಿದು ಹೆಕ್ಕಿ ತೋಟದಾಚೆ ಒಯ್ದು ಸುಡುತ್ತೇವೆ. ಬಸಿಗಾಲುವೆಯನ್ನೂ ಮಳೆಗೆ ಮುಂಚೆ ಬಿಡಿಸುತ್ತೇವೆ.

ಹಿಂದೆ ಅಜ್ಜನ ಕಾಲದಲ್ಲಿ ಕೊನೆಗಳಿಗೆ ಮಳೆ ತಾಗದ ಹಾಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುತ್ತಿದ್ದರಂತೆ. ಮೈಸೂರು ಸರ್ಕಾರದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದರು, ಬೋರ್ಡೋ ದ್ರಾವಣ ನಮ್ಮ ತೋಟಗಳಿಗೆ ಬಂದದ್ದು ಅವರಿಂದ. ಫ್ರಾನ್ಸಿನ ದ್ರಾಕ್ಷಿಗೆ ಹುಟ್ಟಿದ ಔಷಧಿ ನೂರು ವರ್ಷಕ್ಕೂ ಮಿಕ್ಕಿ ನಮ್ಮ ಅಡಿಕೆ ಕಾಯುತ್ತಿದೆ ಅಂದರೆ ನನಗೆ ಈಗಲೂ ಆಶ್ಚರ್ಯ.

ಈ ಸಲ ಮೊದಲ ಸುತ್ತು ಮೇ 24ಕ್ಕೆ ಮುಗಿಯಿತು. ಎರಡನೇ ಸುತ್ತಿಗೆ ಅಡುಗೆಮನೆ ಕ್ಯಾಲೆಂಡರಿನಲ್ಲಿ ಜುಲೈ 8ಕ್ಕೆ ಗುರುತು ಹಾಕಿದ್ದೇನೆ. ಡ್ರಮ್ಮು ತೊಳೆದು ಕವುಚಿ ಇಟ್ಟಾಗಿದೆ, ಹೊಸ ಸುಣ್ಣ ಇನ್ನೂ ತರಬೇಕು.